ಬೆಳಗಾವಿಯ ನಮ್ಮ ಸಂಗೀತ ಕ್ಲಾಸಿನ ಹುಡುಗರಿಗೆ ‘ಏಮಿ’ ಸಾಕ್ಷ್ಯಚಿತ್ರ ತೋರಿಸಬಹುದಾ?

ಕಾಲೇಜು ಹುಡುಗರಾದರೆ ಧಾರಾಳವಾಗಿ ತೋರಿಸಿ. ಚಿಕ್ಕವರಿಗೆ ಬೇಡ, ಬೈಗುಳ, ಡ್ರಗ್ಸ್ ಜಾಸ್ತಿ. ಲಂಡನ್ನಿನ ಗಾಯಕಿ ಏಮಿ ವೈನ್‌ಹೌಸ್ ಬಗ್ಗೆ ಆಸಿಫ್ ಕಪಾಡಿಯಾ 2015ರಲ್ಲಿ ಮಾಡಿದ ಚಿತ್ರ ಇದು. ಏಮಿಗೆ 2008ರಲ್ಲಿ ಒಂದೇ ಸಲಕ್ಕೆ 5 ಗ್ರ್ಯಾಮಿ ಸಂಗೀತ ಪ್ರಶಸ್ತಿ. 2011ರ ಜುಲೈನಲ್ಲಿ ವಿಪರೀತ ಕುಡಿತದಿಂದ ಸಾವು, ಆಗಿನ್ನೂ 27 ವರ್ಷ.

ಗೆಳತಿಯರು ಮಾತಾಡುವಾಗ ದನಿ ಮಾತ್ರ ಕೇಳುತ್ತದೆ, ತೆರೆಯ ಮೇಲೆ ಹಳೇ ವಿಡಿಯೊ ಓಡುತ್ತಿರುತ್ತದೆ. ಅಮೆರಿಕದ ಹಿರಿಯ ಗಾಯಕ ಟೋನಿ ಬೆನೆಟ್ ಜೊತೆಗಿನ ರೆಕಾರ್ಡಿಂಗ್ ಸೀನ್ ಅಂತೂ ತಪ್ಪಿಸಬೇಡಿ. ಅಷ್ಟು ದೊಡ್ಡ ಗಾಯಕಿ, ಸರಿ ಬರ್ತಿಲ್ಲ ಅಂತ ಚಡಪಡಿಸುತ್ತಾಳೆ. ಎಂಬತ್ತು ದಾಟಿದ ಬೆನೆಟ್ ಮೆಲ್ಲಗೆ ಧೈರ್ಯ ತುಂಬುತ್ತಾರೆ. ಹಾಡುವ ಹುಡುಗರಿಗೆ ಇದೊಂದೇ ಸಾಕು.

ಸುಳೇಭಾವಿಯ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರೂ ಎಳವೆಯಲ್ಲೇ ಹೆಸರಾದವರು, ಅಲ್ವಾ? ಆ ಮಾತಿನಿಂದಲೇ ಚರ್ಚೆ ಶುರು ಮಾಡಬಹುದು. ಅಂದಹಾಗೆ, ಏಮಿಯ ತಂದೆ ಈ ಚಿತ್ರವನ್ನು ಬಹಿರಂಗವಾಗಿಯೇ ವಿರೋಧಿಸಿದ್ದರು. ಅದನ್ನೂ ಹೇಳಿಬಿಡಿ.