ಪಕ್ಕದ ಬೀಳು ಯಾರದ್ದು?

ಪ್ರಶ್ನೆ: ನಮ್ಮ ಕಬ್ಬಿನ ಗದ್ದೆಗೆ ಹೊಂದಿಕೊಂಡು ನಾಲ್ಕೈದು ಎಕರೆ ಬೀಳಿದೆ. ಲಂಟಾನ ಬೆಳೆದು ಕಾಡುಹಂದಿಗಳು ಸೇರಿಕೊಂಡು ರಾತ್ರಿಯೆಲ್ಲ ಕಬ್ಬು ಮುರಿಯುತ್ತಿವೆ. ಜಮೀನು ಯಾರದ್ದೆಂದು ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಾಲೀಕರನ್ನು ಪತ್ತೆ ಮಾಡಿ, ಒಪ್ಪಿಗೆ ಪಡೆದು ಹಂದಿ ಹೊಡೆಸಬಹುದೇ?
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಹೊಡೆಸುವಂತಿಲ್ಲ. ಜಮೀನಿನವರು ಒಪ್ಪಿದರೂ ಬೇಟೆಯ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಹಾಕುವುದೂ ಬೇಟೆಯೇ. ಬೇಲಿಗೆ ಕರೆಂಟ್ ಕೊಡುವುದಂತೂ ಬೇಡವೇ ಬೇಡ. ನಸುಕಿನಲ್ಲಿ ನೀರು ಕಟ್ಟಲು ಬಂದವರ ಜೀವ ಹೋಗುತ್ತದೆ. ಬೆಳೆಹಾನಿಗೆ ಫೋಟೊ, ಪಹಣಿ (ಜಮೀನಿನ ಹಕ್ಕು ದಾಖಲೆ, ಆರ್‌ಟಿಸಿ) ಸಮೇತ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಆದರೆ ಹಂದಿ ಅಡಗುವ ಪೊದೆ ತೆಗೆಸಲು ಮಾಲೀಕರು ಬೇಕೇ ಬೇಕು.

ಮೊದಲು ಸರ್ವೆ ನಂಬರ್ ಸರಿಯಾಗಿ ಹಿಡಿಯಿರಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದು ಬೀಳಿನ ನಡುವೆ ಎರಡು ಮೂರು ಕಡೆ ನಿಂತು ನೋಡಿ. ಬದುವಿನ ಮೇಲೆ ನಿಂತರೆ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಸರಿದು ಪಕ್ಕದವರ ನಂಬರ್ ತೋರಿಸುತ್ತದೆ. ಹೆಚ್ಚಿನವರು ಎಡವುವುದೇ ಇಲ್ಲಿ.

ಆಮೇಲೆ ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲಿನ ಸಂಖ್ಯೆ) ಕೊಟ್ಟು ಪಹಣಿ ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ ಇರುತ್ತದೆ. ವಿಸ್ತೀರ್ಣ ಎಕರೆ–ಗುಂಟೆ–ಆಣೆ ಲೆಕ್ಕದಲ್ಲಿರುತ್ತದೆ: 2-10-0 ಎಂದರೆ ಎರಡು ಎಕರೆ ಹತ್ತು ಗುಂಟೆ. 3ನೇ ಕಾಲಂನ ಖರಾಬು (ಸಾಗುವಳಿಗೆ ಬಾರದ ಜಾಗ) ಬಿಡದೆ ಓದಿ. ‘ಬಿ’ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ. ಅದಕ್ಕೆ ಖಾತೆದಾರರ ಒಪ್ಪಿಗೆ ಸಾಲದು. ‘ಸರ್ಕಾರ’, ‘ಗೋಮಾಳ’ ಎಂದಿದ್ದರೆ ತಹಶೀಲ್ದಾರ್ ಕಚೇರಿಗೆ ಹೋಗಬೇಕು.

ಪಹಣಿಯಲ್ಲಿ ಹೆಸರು ಸಿಕ್ಕರೂ ಆ ಮನುಷ್ಯ ಸಿಗದಿರಬಹುದು. ತೀರಿಹೋದ ಅಜ್ಜನ ಹೆಸರೇ ಮುಂದುವರಿದಿರುತ್ತದೆ, ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರುವುದಿಲ್ಲ. ಮಕ್ಕಳು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಗ್ರಾಮ ಆಡಳಿತ ಅಧಿಕಾರಿಯನ್ನೂ ಬೀಳಿನ ಆಚೆ ಬದಿಯ ರೈತರನ್ನೂ ವಿಚಾರಿಸಿ. ಜಂಟಿ ಖಾತೆಯಾಗಿದ್ದು ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಆಗದಿದ್ದರೆ ಯಾರ ಪಾಲು ಎಲ್ಲಿ ಎಂದು ಪಹಣಿ ಹೇಳುವುದಿಲ್ಲ. ಅಣ್ಣ ಒಪ್ಪಿದನೆಂದು ಕುಡುಗೋಲು ಹಿಡಿದರೆ ತಮ್ಮ ಠಾಣೆಗೆ ಹೋಗುತ್ತಾನೆ. ಹಾಗಾಗಿ ಎಲ್ಲರ ಸಹಿ ಬೇಕು.

ಗಡಿಯ ಬಗ್ಗೆಯೇ ತಕರಾರಿದ್ದರೆ ನಿಮ್ಮ ಜಮೀನಿಗೆ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವುದಕ್ಕೆ) ಅರ್ಜಿ ಹಾಕಿ, ಭೂಮಾಪಕರು ಕಲ್ಲು ತೋರಿಸಿದ ಮೇಲೆ ಮುಂದುವರಿಯಿರಿ.

ಒಪ್ಪಿಗೆ ಪತ್ರದಲ್ಲಿ ಸರ್ವೆ ನಂಬರ್, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ), ‘ಪೊದೆ ಮಾತ್ರ’ ಎಂಬ ಮಾತು ಇರಲಿ. ಲಂಟಾನದ ನಡುವೆ ಶ್ರೀಗಂಧದ ಗಿಡ ಕಂಡರೆ ಮುಟ್ಟಬೇಡಿ. ಖಾಸಗಿ ಜಮೀನಿನಲ್ಲಿದ್ದರೂ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.