ಶಬ್ಬಾತ್ ದಿನ ಅಜ್ಜಿ ಬೆಕ್ಕನ್ನು ಯಾಕೆ ಎತ್ತಲಿಲ್ಲ?

ಇಸ್ರೇಲ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದ ನಮ್ಮ ಕರಾವಳಿಯವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರು ವಿಡಿಯೊ ಕಾಲ್‌ನಲ್ಲಿ ನನ್ನ ಹತ್ತಿರ ಮಾತಾಡುತ್ತಾರೆ. ಊರಿನ ಸಾಲ, ಮಕ್ಕಳ ನೆನಪು, ನಿದ್ದೆ ಬಾರದಿರುವುದು, ಇವೆಲ್ಲ ಇದ್ದದ್ದೇ. ಜೊತೆಗೆ ಮತ್ತೆ ಮತ್ತೆ ಬರುವ ಇನ್ನೊಂದು ದೂರು ಶನಿವಾರದ್ದು, ಅಂದರೆ ಶುಕ್ರವಾರ ಸಂಜೆಯೇ ಶುರುವಾಗುವ ಯಹೂದಿಗಳ ವಿಶ್ರಾಂತಿ ದಿನವಾದ ಶಬ್ಬಾತ್‌ನದ್ದು. ಅಂಥದ್ದೊಂದು ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಮಂಗಳೂರು ಕಡೆಯ ಕ್ರೈಸ್ತ ಕುಟುಂಬ. ಜೆರುಸಲೇಮಿನಲ್ಲಿ ಆಚಾರವಂತ ಯಹೂದಿ ಅಜ್ಜಿಯೊಬ್ಬರ ಮನೆಯಲ್ಲಿ ಕೆಲಸ. ಅಜ್ಜಿ ವಾಕರ್ ಹಿಡಿದು ನಡೆಯುತ್ತಾರೆ. ಮನೆಯಲ್ಲಿ ಒಂದು ಮುದಿ ಬೆಕ್ಕು.

"ವಾರವಿಡೀ ತೊಡೆ ಮೇಲೆ ಕೂರಿಸಿ ಮುದ್ದು ಮಾಡ್ತಾರೆ ಮೇಡಂ. ಶುಕ್ರವಾರ ದೀಪ ಹಚ್ಚಿದ ಮೇಲೆ ಎತ್ತುವುದೇ ಇಲ್ಲ. ಅದು ಕಾಲು ಸುತ್ತಿ ಅಳ್ತದೆ. ಮೈಲಿಗೆ ಅಂತ ಕಾಣ್ತದೆ. ನನಗೂ ಅಷ್ಟೇ, ನೇರವಾಗಿ ಏನೂ ಹೇಳುವುದಿಲ್ಲ. 'ಇಲ್ಲಿ ತುಂಬ ಸೆಕೆ' ಅಂತ ಗಾಳಿಗೆ ಹೇಳಿ ನಿಲ್ತಾರೆ. ಎಸಿ ಹಾಕಬೇಕು ಅಂತ ನಾನೇ ತಿಳ್ಕೊಳ್ಳಬೇಕು. ನಾನು ಮನುಷ್ಯಳಲ್ವಾ?"

ಕೆಲಸ ಬಿಟ್ಟು ಬರುವ ಯೋಚನೆಯಲ್ಲಿದ್ದರು. ಎರಡು ಮಾತುಕತೆ ಇದರಲ್ಲೇ ಕಳೆಯಿತು. ಮೂರನೆಯ ಸಲ ಬರುವಾಗಲೇ ಸಿಟ್ಟಿನಲ್ಲಿದ್ದರು. ಹಿಂದಿನ ಶನಿವಾರ ಬೆಕ್ಕು ಖಾಲಿ ಬಾತ್‌ಟಬ್‌ಗೆ ಇಳಿದಿತ್ತು. ಕಾಲುನೋವಿನ ಬೆಕ್ಕು, ಮೇಲೆ ಹಾರಲು ಆಗಲಿಲ್ಲ. ಕೂಗತೊಡಗಿತು.

"ಬಗ್ಗಿ ಎತ್ತಿದರೆ ಮುಗೀತಿತ್ತು. ಎತ್ತಲಿಲ್ಲ ಮೇಡಂ. ಸೋಫಾದ ದಿಂಬು ತಂದು ಟಬ್‌ನೊಳಗೆ ಪೇರಿಸಿದ್ದು. ಹುಚ್ಚಲ್ಲದೆ ಇನ್ನೇನು?"

"ದಿಂಬು ತಂದವರು ಯಾರು?" ಎಂದು ಕೇಳಿದೆ.

"ಅವರೇ." ಸ್ವಲ್ಪ ಹೊತ್ತು ಮಾತಿಲ್ಲ. "ಒಂದೊಂದೇ ದಿಂಬು ವಾಕರ್ ಮೇಲಿಟ್ಟು ತಳ್ಳಿಕೊಂಡು ತಂದರು. ನಾನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ, ಸಿಟ್ಟಿಗೆ. ಬೆಕ್ಕು ದಿಂಬು ಹತ್ತಿ ಹೊರಗೆ ಬಂತು. ಅವರು ಕುರ್ಚಿಯಲ್ಲಿ ಕೂತು ಏದುಸಿರು ಬಿಡ್ತಾ ಇದ್ದರು."

ಹೃದಯ ಇಲ್ಲದವರು ಬೆಕ್ಕಿಗಾಗಿ ಇಷ್ಟು ಓಡಾಡುತ್ತಾರಾ? ಇದನ್ನು ನಾನು ಕೇಳಬೇಕಾಗಿ ಬರಲಿಲ್ಲ. ಶನಿವಾರ ಬೆಳಿಗ್ಗೆ ತಾನು ಊಟಕ್ಕೆ ಕೂರುವ ಮೊದಲು ಅಜ್ಜಿ ಬೆಕ್ಕಿನ ತಟ್ಟೆ ತುಂಬುತ್ತಾರೆ ಎಂದು ಆಕೆಯೇ ನೆನಪು ಮಾಡಿಕೊಂಡು ಹೇಳಿದರು.

ಆಗ ನನಗೆ ಗೊತ್ತಿದ್ದಷ್ಟನ್ನು ವಿವರಿಸಿದೆ. ಯಹೂದಿ ಪಂಡಿತರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ಶಬ್ಬಾತ್ ಕುರಿತ ಭಾಗದ 128ನೇ ಹಾಳೆಯಲ್ಲಿ ಇಂಥದೇ ಸಂದರ್ಭ ಬರುತ್ತದೆ. ಶಬ್ಬಾತ್ ದಿನ ಪ್ರಾಣಿ ನೀರಿನ ಕಾಲುವೆಗೆ ಬಿದ್ದರೆ ಏನು ಮಾಡಬೇಕು? ದಿಂಬು, ಹಾಸಿಗೆ ತಂದು ಅದರ ಕೆಳಗಿಡಬೇಕು, ಹತ್ತಿ ಬಂದರೆ ಬರಲಿ. ಹಾಗೆ ದಿಂಬು ಇಡುವುದು ಕೂಡ ಒಂದು ಕಟ್ಟಳೆ ಮೀರಿದಂತೆಯೇ. ಆದರೆ ಆ ಕಟ್ಟಳೆ ಪಂಡಿತರು ಮಾಡಿದ್ದು, ಪ್ರಾಣಿಯ ನೋವು ತಪ್ಪಿಸುವುದು ಮೂಲ ಧರ್ಮಗ್ರಂಥವಾದ ತೋರಾದಿಂದಲೇ ಬಂದದ್ದು. ಹಾಗಾಗಿ ಕಟ್ಟಳೆ ದಾರಿ ಬಿಡಬೇಕು. ಅಜ್ಜಿ ಮಾಡಿದ್ದು ಹುಚ್ಚಲ್ಲ. ಕಲಿತದ್ದನ್ನು ಅಕ್ಷರಶಃ ಪಾಲಿಸಿದ್ದು.

ಮೈಲಿಗೆಯ ವಿಷಯಕ್ಕೆ ಬರೋಣ. ನಮ್ಮ ಕಡೆ ಮಡಿಯಲ್ಲಿದ್ದವರು ಮಗುವನ್ನೂ ಮುಟ್ಟದೆ ಕೂರುವುದನ್ನು ನೋಡಿದವರಿಗೆ ಇದೂ ಹಾಗೇ ಅನ್ನಿಸುತ್ತದೆ. ಹಾಗಲ್ಲ. ಅಲ್ಲಿ ಬೆಕ್ಕು ಕೊಳಕು ಎಂಬ ಭಾವನೆ ಇಲ್ಲ. ದುಡ್ಡು, ಪೆನ್ನು, ಕಲ್ಲು, ಇವುಗಳ ಹಾಗೆ ಪ್ರಾಣಿಯೂ ಶಬ್ಬಾತ್‌ನ ಬಳಕೆಯಿಂದ ಬದಿಗಿಟ್ಟದ್ದು. ಅದನ್ನು ಮುಕ್ತ್ಸೆ ಎನ್ನುತ್ತಾರೆ. ಎತ್ತಬಾರದು, ಜಾಗ ಬದಲಿಸಬಾರದು. ಊಟ ಹಾಕಬಹುದು, ಹಾಕಲೇಬೇಕು. ಸಾಕುಪ್ರಾಣಿ ಇರುವುದೇ ಮುದ್ದು ಮಾಡಲು, ಅದು ಮುಕ್ತ್ಸೆ ಅಲ್ಲ ಎನ್ನುವ ರಬ್ಬಿಗಳೂ (ಯಹೂದಿ ಧರ್ಮಗುರುಗಳು) ಈಗ ಇದ್ದಾರೆ. ಹಾಗಾಗಿ ಪಕ್ಕದ ಮನೆಯವರು ಬೆಕ್ಕನ್ನು ಎತ್ತಿಕೊಂಡರೆ ಅವರು ಧರ್ಮ ಬಿಟ್ಟವರು ಎಂದೇನಲ್ಲ.

ಸುತ್ತಿ ಬಳಸಿ ಹೇಳುವುದಕ್ಕೂ ಕಾರಣ ಇದೆ. ಎಸಿ ಹಾಕುವುದರಂಥ, ಆ ದಿನ ತಾನು ಮಾಡಬಾರದ್ದನ್ನು ಬೇರೆ ಧರ್ಮದವರಿಗೆ ಹೇಳಿ ಮಾಡಿಸಬಾರದು ಎಂಬುದು ನಿಯಮ. ಪ್ರಾಣಿ ನರಳುವಾಗ ಇದು ಸಡಿಲವಾಗುತ್ತದೆ. ಯೋಸೆಫ್ ಕಾರೋ ಬರೆದ, 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ 'ಶುಲ್ಖಾನ್ ಆರುಖ್' ಎಂಬ ಯಹೂದಿ ಕಟ್ಟಳೆಗಳ ಗ್ರಂಥ, ಶಬ್ಬಾತ್ ದಿನ ಹಸುವಿನ ಹಾಲು ಕರೆಯಲು ಯಹೂದಿಯಲ್ಲದವರಿಗೆ ಹೇಳಬಹುದು ಎನ್ನುತ್ತದೆ. ಕೆಚ್ಚಲು ಬಿಗಿದು ಹಸುವಿಗೆ ನೋವಾಗಬಾರದು ಎಂದು.

"ಹಾಗಾದರೆ ಬೆಕ್ಕನ್ನು ಎತ್ತು ಅಂತ ನನಗೇ ಹೇಳಬಹುದಿತ್ತಲ್ಲ?" ಎಂದರು. ಅದನ್ನು ಅಜ್ಜಿಯನ್ನೇ ಕೇಳಿ ಎಂದೆ. ಕೇಳಿದರು. "ನಿನ್ನ ಮುಖ ನೋಡಿ ಹೆದರಿಕೆಯಾಯಿತು" ಎಂದರಂತೆ ಅಜ್ಜಿ. ಆಕೆಗೆ ಇದು ದೊಡ್ಡ ಏಟು. ಆ ಮನೆಯಲ್ಲಿ ಹೆದರುವವಳು ತಾನೊಬ್ಬಳೇ ಎಂದುಕೊಂಡಿದ್ದರು.

ನಾನು ಕೊಟ್ಟ ಸಲಹೆ ಇಷ್ಟು. ಜೆರುಸಲೇಮಿನಲ್ಲಿ ಸೂರ್ಯ ಮುಳುಗುವ 40 ನಿಮಿಷ ಮೊದಲೇ ದೀಪ ಹಚ್ಚುವ ರೂಢಿ. ಅದಕ್ಕೂ ಮೊದಲು ಶುಕ್ರವಾರ ಅಜ್ಜಿಯ ಜೊತೆ ಕೂತು ಎಲ್ಲ ಮಾತಾಡಿಕೊಳ್ಳಿ. ಯಾವ ದೀಪ ಉರಿಯುತ್ತಿರಬೇಕು, ಎಸಿ ಹೇಗೆ, ಬೆಕ್ಕು ಸಿಕ್ಕಿಹಾಕಿಕೊಂಡರೆ ಏನು. ಆ ಕಟ್ಟಳೆ ನಿಮಗಿಲ್ಲ, ಮನಸ್ಸಾದರೆ ನೀವೇ ಬೆಕ್ಕನ್ನು ಎತ್ತಿಕೊಳ್ಳಿ. ವಾರದ ರಜೆ ಯಾವತ್ತು ಎಂಬುದನ್ನೂ ಗಟ್ಟಿ ಮಾಡಿಕೊಳ್ಳಿ. ಅಲ್ಲಿನ 1951ರ ಕಾನೂನಿನ ಪ್ರಕಾರ ಯಹೂದಿಯಲ್ಲದವರಿಗೆ ಶುಕ್ರವಾರ, ಶನಿವಾರ, ಭಾನುವಾರ ಈ ಮೂರರಲ್ಲಿ ತಮ್ಮ ರೂಢಿಯ ದಿನ ಸಿಗುತ್ತದೆ. ಅವರ ಹತ್ತು ಆಜ್ಞೆಗಳಲ್ಲೇ ವಿಶ್ರಾಂತಿ ಸಿಗಬೇಕಾದವರ ಸಾಲಿನಲ್ಲಿ ಕೆಲಸದವರು, ದನಕರು, ಮನೆಯಲ್ಲಿರುವ ಪರದೇಶದವರು ಎಲ್ಲರೂ ಇದ್ದಾರೆ. ಅದನ್ನು ನೆನಪಿಸಿ ಕೇಳಲು ಸಂಕೋಚ ಬೇಡ.

ಇಲ್ಲಿನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ನೊಂದು ಬಂದವಳಿಗೆ ಯಜಮಾನಿಯ ಧರ್ಮ ಪಾಠ ಮಾಡಿದ್ದೀರಿ ಎಂದರು. ನಾನು ಈಗಲೂ ನನ್ನ ಮಾತಿಗೆ ಬದ್ಧ. ಆಕೆಯ ದೂರಿನಲ್ಲಿ ಎರಡು ಸಂಗತಿ ಸಿಕ್ಕುಬಿದ್ದಿದ್ದವು. ಅಜ್ಜಿ ಕ್ರೂರಿ ಎಂಬುದು ಸುಳ್ಳು. ತನ್ನ ಜೊತೆ ನೇರವಾಗಿ ಮಾತಾಡುತ್ತಿಲ್ಲ ಎಂಬುದು ನಿಜ. ಸುಳ್ಳನ್ನು ಬಿಡಿಸಿ ಪಕ್ಕಕ್ಕಿಡದೆ ನಿಜವಾದ ದೂರನ್ನು ಯಾರ ಮುಂದೆ ಇಟ್ಟರೂ ನಡೆಯುವುದಿಲ್ಲ. ಸುಮ್ನೆ "ಪಾಪ" ಎಂದು ತಲೆಯಾಡಿಸಿದ್ದರೆ ಆಕೆ ಅದೇ ಸಿಟ್ಟನ್ನು ಮುಂದಿನ ಮನೆಗೂ ಹೊತ್ತುಕೊಂಡು ಹೋಗುತ್ತಿದ್ದರು.

ಆಕೆ ಈಗ ಭಾನುವಾರ ರಜೆ ತೆಗೆದುಕೊಳ್ಳುತ್ತಾರೆ. ಅಜ್ಜಿ ಗಾಳಿಗೆ ಮಾತಾಡುವುದು ಪೂರ್ತಿ ನಿಂತಿಲ್ಲ, ಆಕೆಗೆ ಕಿರಿಕಿರಿ ಆಗುವುದೂ ನಿಂತಿಲ್ಲ.

ಹೊಸದಾಗಿ ಹೊರಡುವವರಿಗೆ ಒಂದು ಮಾತು. ಮನುಷ್ಯರ ಜೀವಕ್ಕೆ ಅಪಾಯ ಇದ್ದರೆ ಶಬ್ಬಾತ್‌ನ ಇಂಥ ಯಾವ ಕಟ್ಟಳೆಯೂ ಅಡ್ಡ ಬರುವುದಿಲ್ಲ, ಇದನ್ನು ಅವರ ಧರ್ಮವೇ ಹೇಳುತ್ತದೆ. ಅಜ್ಜಿ ಕುಸಿದು ಬಿದ್ದರೆ ಫೋನ್ ಮುಟ್ಟಬಹುದಾ ಎಂದು ಯೋಚಿಸುತ್ತ ನಿಲ್ಲಬೇಡಿ. ತಕ್ಷಣ ಅಲ್ಲಿನ ಆಂಬುಲೆನ್ಸ್ ಸಂಖ್ಯೆ 101ಕ್ಕೆ ಕರೆ ಮಾಡಿ.