ಜೀವಕೋಶ ಕೆಡಿಸುವ ಬೂಸ್ಟಿನ ವಿಷ ಲ್ಯಾಬಿಗೆ ಯಾಕೆ ಬೇಕು?

ಬೂಸ್ಟುಗಳು ತಯಾರಿಸುವ ಸೈಟೋಕಲಾಸಿನ್ ವಿಷ ಎಂದ ಮೇಲೆ ಸಂಶೋಧಕರು ಅದನ್ನು ದುಡ್ಡು ಕೊಟ್ಟು ಯಾಕೆ ತರಿಸುತ್ತಾರೆ ಎಂದು ಕೇಳಿದ್ದೀರಿ. ಜೀವಕೋಶ ಬೆಳೆಸುವ ಲ್ಯಾಬಿನಲ್ಲಿ ಎರಡು ವರ್ಷ ಇದ್ದೆ, ಈಗ ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದೇನೆ. ಬೇರುಹುಳಕ್ಕೆ ಗೊಬ್ಬರದ ಜೊತೆ ಮೆಟಾರೈಜಿಯಂ ಎಂಬ ಬೂಸ್ಟಿನ ಪುಡಿ ಹಾಕುತ್ತೇವೆ, ಅಲ್ವಾ? ಸತ್ತ ಹುಳದ ಮೇಲೆ ಹಸಿರು ಬೂಸ್ಟು ಬರುತ್ತದೆ. ಸೈಟೋಕಲಾಸಿನ್‌ನಲ್ಲಿ ಬಿ, ಡಿ ಎಂದೆಲ್ಲ ಬಗೆಗಳಿವೆ; ಡಿ ಸಿಕ್ಕ ಬೂಸ್ಟುಗಳಲ್ಲಿ ಮೆಟಾರೈಜಿಯಂ ಕೂಡ ಒಂದು.

ಕೋಶದೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿವೆ. ಕೋಶ ಹರಡಿ ನಿಲ್ಲುವುದಕ್ಕೆ, ತೆವಳುವುದಕ್ಕೆ ಇವು ಬೇಕೇ ಬೇಕು. ಎಳೆಯನ್ನು ಬೇಲಿ ಎಂದುಕೊಳ್ಳಿ. ಒಂದು ತುದಿಯಲ್ಲಿ ಹೊಸ ಗೂಟ ನೆಡುತ್ತಾ ಹೋಗುತ್ತಾರೆ, ಇನ್ನೊಂದು ತುದಿಯಿಂದ ಒರಲೆ ತಿನ್ನುತ್ತಾ ಬರುತ್ತದೆ. ಸೈಟೋಕಲಾಸಿನ್ ಗೂಟ ನೆಡುವ ತುದಿಯಲ್ಲೇ ಹೋಗಿ ಕೂರುತ್ತದೆ. ಬೇಲಿ ಮುಂದೆ ಹೋಗುವುದಿಲ್ಲ.

ಮೈಕ್ರೋಸ್ಕೋಪಿನಲ್ಲಿ ಇದನ್ನು ಮೊದಲ ಸಲ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಗಲವಾಗಿ ಹರಡಿದ್ದ ಕೋಶಗಳು ಮುದುಡಿ, ಬೇರಿನಂಥ ಕವಲುಗಳಷ್ಟೇ ಉಳಿದವು. ವಿಷ ತೊಳೆದು ಹೊಸ ದ್ರವ ಹಾಕಿದೆವು. ಮತ್ತೆ ಹರಡಿಕೊಂಡವು! ಇದರ ಬೆಲೆ ಇರುವುದೇ ಇಲ್ಲಿ. ಒಂದು ಕೆಲಸಕ್ಕೆ ಆಕ್ಟಿನ್ ಬೇಕೋ ಬೇಡವೋ ಎಂದು ನೋಡಲು ಅದನ್ನು ತಡೆದು, ಆಮೇಲೆ ಬಿಟ್ಟು ನೋಡಬಹುದು.

ನನಗೆ ಬಹಳ ಇಷ್ಟವಾದ ಬಳಕೆ ಇನ್ನೊಂದಿದೆ. ಕೋಶ ಎರಡಾಗುವಾಗ ಚೀಲದ ಬಾಯಿಗೆ ಹಗ್ಗ ಬಿಗಿದ ಹಾಗೆ ಆಕ್ಟಿನ್ ನಡುವನ್ನು ಬಿಗಿಯುತ್ತದೆ. ಸೈಟೋಕಲಾಸಿನ್ ಬಿ ಹಾಕಿದರೆ ಹಗ್ಗ ಬಿಗಿಯುವುದಿಲ್ಲ, ಆದರೆ ಒಳಗೆ ನ್ಯೂಕ್ಲಿಯಸ್ ಎರಡಾಗಿರುತ್ತದೆ. ಎರಡು ನ್ಯೂಕ್ಲಿಯಸ್ ಕಂಡರೆ ಆ ಕೋಶ ಒಂದು ಸಲ ವಿಭಜನೆಗೆ ಇಳಿದಿತ್ತು ಎಂದು ಗೊತ್ತಾಗುತ್ತದೆ. ಪಕ್ಕದಲ್ಲಿ ಚಿಕ್ಕ ಚೂರು ನ್ಯೂಕ್ಲಿಯಸ್ ಇದ್ದರೆ ಕ್ರೋಮೋಸೋಮಿಗೆ ಪೆಟ್ಟು ಬಿದ್ದಿದೆ ಎಂದು ಅರ್ಥ. ಫೆನೆಕ್ ಮತ್ತು ಮಾರ್ಲಿ ಎಂಬ ಸಂಶೋಧಕರು 1985ರಲ್ಲಿ ಕೊಟ್ಟ ಈ ಪರೀಕ್ಷೆಯಿಂದ ವಿಕಿರಣ, ರಾಸಾಯನಿಕಗಳ ಹಾನಿಯನ್ನು ಇವತ್ತಿಗೂ ಅಳೆಯುತ್ತಾರೆ.

ಸೈಟೋಕಲಾಸಿನ್ ಅನ್ನು ಔಷಧಿಯಾಗಿ ಕೊಡುವುದು ಕಷ್ಟ. ಆಕ್ಟಿನ್ ರೋಗವಿಲ್ಲದ ಒಳ್ಳೆಯ ಕೋಶದಲ್ಲೂ ಇದೆ, ಅದಕ್ಕೂ ಪೆಟ್ಟು ಬೀಳುತ್ತದೆ.

ನೀವು ವಿದ್ಯಾರ್ಥಿಯಾಗಿದ್ದರೆ ಒಂದು ಮಾತು. ಸೈಟೋಕಲಾಸಿನ್ ಬಿ ಆಕ್ಟಿನ್ ಜೊತೆಗೆ, ಕೋಶದೊಳಗೆ ಸಕ್ಕರೆ ಹೋಗುವುದನ್ನೂ ತಡೆಯುತ್ತದೆ. ಆಕ್ಟಿನ್ ಒಂದನ್ನೇ ನೋಡಬೇಕಿದ್ದರೆ ಡಿ ತೆಗೆದುಕೊಳ್ಳಿ. ವಿಷ ಕರಗಿಸುವ ಡಿಎಂಎಸ್ಒ ದ್ರವವನ್ನು ಮಾತ್ರ ಹಾಕಿದ ಇನ್ನೊಂದು ತಟ್ಟೆ ಹೋಲಿಸಿ ನೋಡಲು ಪಕ್ಕದಲ್ಲಿರಲಿ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಡಿಎಂಎಸ್ಒ ತನ್ನ ಜೊತೆ ವಿಷವನ್ನೂ ಚರ್ಮದೊಳಗೆ ಒಯ್ಯುತ್ತದೆ.